ತಿಂಗಳಿಗೆ ಒಂದು ಫಿಲ್ಮ್ ರೋಲು ಕೂಡ ಭಾರ ಆಗುತ್ತಿದೆ, ಖರ್ಚು ಇಳಿಸೋದು ಹೇಗೆ?

ಹನುಮಂತನಗರ_ಕೆ1000:
ಎಲ್ಲರಿಗೂ ನಮಸ್ಕಾರ. ಮಾವ ತಮ್ಮ ಹಳೇ ಪೆಂಟಾಕ್ಸ್ ಕೆ1000 ಕ್ಯಾಮೆರಾನ 50 ಎಂಎಂ ಲೆನ್ಸ್ ಸಮೇತ ನನಗೆ ಕೊಟ್ಟರು. ಕ್ಯಾಮೆರಾಗೆ ಒಂದು ರೂಪಾಯಿ ಖರ್ಚಾಗಲಿಲ್ಲ. ಆದರೆ ಕಲರ್ ರೋಲಿಗೆ ಒಂದು ರೇಟು, ಲ್ಯಾಬಿನಲ್ಲಿ ತೊಳೆಸಲು (ಡೆವಲಪ್ ಮಾಡಿಸಲು) ಇನ್ನೊಂದು, ಸ್ಕ್ಯಾನ್‌ಗೆ ಮತ್ತೊಂದು ಅಂತ ಕೊಟ್ಟು ಕೊಟ್ಟು ಸಾಕಾಗಿದೆ. ನಾನಿರೋದು ಪಿಜಿಯಲ್ಲಿ, ಸಂಬಳ ಅಷ್ಟಕ್ಕಷ್ಟೇ. ಡೇಟ್ ಮುಗಿದ ರೋಲುಗಳು ಕಮ್ಮಿಗೆ ಸಿಗುತ್ತವೆ, ಸಿನಿಮಾ ಫಿಲ್ಮ್ ಕೂಡ ಅಗ್ಗ ಅನ್ನುತ್ತಾರೆ, ತಗೊಳ್ಳಬಹುದಾ? ಪಿಜಿ ಬಾತ್‌ರೂಮಿನಲ್ಲಿ ನಾನೇ ತೊಳೆಯೋಕೆ ಆಗುತ್ತಾ? ಇನ್ನೊಂದು, ಬೆಳಕು ಅಳೆಯುವ ಮೀಟರ್ ಮುಳ್ಳು ಅಲ್ಲಾಡುತ್ತಿಲ್ಲ. ರಿಪೇರಿ ಖರ್ಚು ಬೇರೆ ಬೀಳುತ್ತಾ ಅಂತ ಭಯ.

ಫಿಕ್ಸರ್_ವಾಸನೆ:
ಕಪ್ಪು ಬಿಳುಪಿಗೆ ಬಂದುಬಿಡಿ. ಕಲರ್‌ನಲ್ಲಿ ಎಷ್ಟು ಚೌಕಾಶಿ ಮಾಡಿದರೂ ಅಲ್ಲಿ ನೂರು ಇಲ್ಲಿ ಐವತ್ತು ಉಳಿದೀತು, ಅಷ್ಟೇ. ಕಪ್ಪು ಬಿಳುಪಾದರೆ ಲ್ಯಾಬ್ ಬಿಲ್ಲೇ ಇಲ್ಲ. ಡಾರ್ಕ್‌ರೂಮ್ ಏನೂ ಬೇಡ, ರೋಲನ್ನು ಡೆವಲಪಿಂಗ್ ಟ್ಯಾಂಕ್ ಅನ್ನೋ ಪುಟ್ಟ ಡಬ್ಬಿಯೊಳಗೆ ಸುತ್ತಿ ಮುಚ್ಚಳ ಹಾಕುವ ತನಕ ಮಾತ್ರ ಕತ್ತಲೆ ಬೇಕು. ಅದಕ್ಕೆ ಕೈ ತೂರಿಸುವ ಕಪ್ಪು ಚೀಲ ಬರುತ್ತದೆ, ಚೇಂಜಿಂಗ್ ಬ್ಯಾಗ್ ಅಂತ. ಮಿಕ್ಕಿದ್ದೆಲ್ಲ ಲೈಟ್ ಹಾಕಿಕೊಂಡೇ ಮಾಡಬಹುದು. ಇಲ್ಫರ್ಡ್ ಎಚ್‌ಪಿ5 ಫಿಲ್ಮಿಗೆ ಡಿ-76 ಡೆವಲಪರನ್ನು (ಚಿತ್ರ ಮೂಡಿಸುವ ಕೆಮಿಕಲ್) ಸಮಸಮ ನೀರು ಬೆರೆಸಿ ಹಾಕಿದರೆ 20 ಡಿಗ್ರಿಯಲ್ಲಿ 11 ನಿಮಿಷ. ಏಪ್ರಿಲ್‌ನಲ್ಲಿ ನಮ್ಮ ಓವರ್‌ಹೆಡ್ ಟ್ಯಾಂಕ್ ನೀರು ಎಲ್ಲಿ 20 ಡಿಗ್ರಿ ಇರುತ್ತದೆ, ಅಲ್ವಾ? ಬಕೆಟ್ಟಿಗೆ ಐಸ್ ಹಾಕಿ ಬಾಟಲಿಗಳನ್ನು ಅದರಲ್ಲಿ ನಿಲ್ಲಿಸಿ. ಥರ್ಮಾಮೀಟರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ.

ಇನ್ನೂ ಇಳಿಸಬೇಕು ಅಂದರೆ 100 ಅಡಿ ಫಿಲ್ಮಿನ ಡಬ್ಬ ತಗೊಂಡು ನೀವೇ ಕತ್ತರಿಸಿ ರೋಲು ಮಾಡಿಕೊಳ್ಳಿ. 36 ಫೋಟೋದ ಸುಮಾರು 18 ರೋಲು ಆಗುತ್ತದೆ. ಕೆಂಟ್‌ಮಿಯರ್ ಅಥವಾ ಫೋಮಾಪಾನ್ ಆದರೆ ಎಚ್‌ಪಿ5ಗಿಂತ ಅಗ್ಗ. ಕೆಂಟ್‌ಮಿಯರ್ ಮಾಡುವವರೂ ಇಲ್ಫರ್ಡ್ ಫಿಲ್ಮ್ ಮಾಡುವವರೇ. ಒಂದೇ ಸಲ ದೊಡ್ಡ ಮೊತ್ತ ಹಾಕಬೇಕು, ಅದೊಂದು ತಲೆನೋವು. ಇಬ್ಬರೋ ಮೂವರೋ ಸೇರಿ ತಗೊಂಡು ಹಂಚಿಕೊಳ್ಳಿ.

ಸಂಡೆ_ಬಜಾರ್_ಗಿರಾಕಿ:
ಮೀಟರ್ ಬಗ್ಗೆ ಮೊದಲು. ಕೆ1000ಗೆ ಆನ್ ಆಫ್ ಸ್ವಿಚ್ಚೇ ಇಲ್ಲ ಮಾರಾಯ್ರೇ. ಲೆನ್ಸಿಗೆ ಬೆಳಕು ಬೀಳುತ್ತಿದ್ದರೆ ಬ್ಯಾಟರಿ ಕರಗುತ್ತಲೇ ಇರುತ್ತದೆ, ಅದಕ್ಕೆ ಕ್ಯಾಪ್ ಹಾಕಿಡಬೇಕು. ಹೊಸ ಎಲ್‌ಆರ್44 ಸೆಲ್ ಹಾಕಿ ನೋಡಿ, ಗಡಿಯಾರದ ಅಂಗಡಿಯಲ್ಲಿ ಸಿಗುತ್ತದೆ. ಮುಳ್ಳು ಸತ್ತೇ ಹೋಗಿದ್ದರೂ ಚಿಂತೆಯಿಲ್ಲ, ಶಟರ್ ಪೂರ್ತಿ ಮೆಕ್ಯಾನಿಕಲ್. ಬಿಸಿಲಿದ್ದರೆ 200 ಐಎಸ್ಒ ಫಿಲ್ಮಿಗೆ ಲೆನ್ಸಿನ ಕಿಂಡಿ ಎಫ್16, ಶಟರ್ 1/250 ಸೆಕೆಂಡ್. ಲಾಲ್‌ಬಾಗಿನ ಮರದ ನೆರಳಿಗೆ ಹೋದರೆ ಮೂರ್ನಾಲ್ಕು ಸ್ಟಾಪ್ ತೆರೆಯಿರಿ (ಒಂದು ಸ್ಟಾಪ್ ಅಂದರೆ ಎರಡರಷ್ಟು ಬೆಳಕು). ಫೋನಿನ ಮೀಟರ್ ಆ್ಯಪ್ ಕೂಡ ಸಾಕು.

ಹಿಂಬದಿಯ ಬಾಗಿಲು ತೆಗೆದು ಅಂಚಿನ ಸ್ಪಂಜು ಮುಟ್ಟಿ ನೋಡಿ. ಹಳೇ ಕ್ಯಾಮೆರಾಗಳಲ್ಲಿ ಅದು ಜಿಗುಟು ಜಿಗುಟಾಗಿ ಬೆಳಕು ಸೋರುತ್ತದೆ. ಕೆರೆದು ತೆಗೆದು ಕಪ್ಪು ಉಲ್ಲನ್ ದಾರ ಕೂರಿಸಿದರೆ ಆಯಿತು, ಯಾರಿಗೂ ದುಡ್ಡು ಕೊಡಬೇಕಿಲ್ಲ.

ಡೇಟ್ ಮುಗಿದ ರೋಲು ಲಾಟರಿ. ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಪರವಾಗಿಲ್ಲ, ಹತ್ತು ವರ್ಷಕ್ಕೆ ಒಂದು ಸ್ಟಾಪ್ ಜಾಸ್ತಿ ಬೆಳಕು ಕೊಡಿ. ಅವೆನ್ಯೂ ರಸ್ತೆ ಕಡೆ ಭಾನುವಾರದ ಬಜಾರಿನಲ್ಲಿ ಧೂಳು ತಿನ್ನುತ್ತಾ ಕೂತಿರೋದನ್ನ ಮಾತ್ರ ಬಿಟ್ಟುಬಿಡಿ. ಊಟಿಯ ಸರ್ಕಾರಿ ಕಾರ್ಖಾನೆಯ 'ಇಂದು' ಫಿಲ್ಮ್ ಡಬ್ಬ ಸಿಕ್ಕರೆ ಶೋಕೇಸಿಗೆ ತಗೊಳ್ಳಿ, ಫೋಟೋ ತೆಗೆಯೋಕಲ್ಲ.

ಕತ್ತಲೆಕೋಣೆ:
ಸಿನಿಮಾ ಫಿಲ್ಮ್ ಅಂದಿರಲ್ಲ, ಹುಷಾರು. ಅದರ ಬೆನ್ನಿಗೆ ರೆಮ್‌ಜೆಟ್ ಅನ್ನೋ ಕಪ್ಪು ಕಾರ್ಬನ್ ಪದರ ಇದ್ದರೆ ಮಾಮೂಲಿ ಕಲರ್ ರೋಲು ತೊಳೆಯುವ ಸಿ-41 ಮಷೀನಿಗೆ ಹಾಕುವ ಹಾಗಿಲ್ಲ, ಕೆಮಿಕಲ್ ಕೆಟ್ಟು ಬೇರೆಯವರ ರೋಲುಗಳೂ ಹಾಳಾಗುತ್ತವೆ. ಲ್ಯಾಬಿನವರಿಗೆ ಹೇಳದೆ ಕೊಡುವವರು ಇದ್ದಾರೆ, ಅದು ಅನ್ಯಾಯ. ಅದಕ್ಕೆ ಇಸಿಎನ್-2 ಅನ್ನೋ ಬೇರೆ ವಿಧಾನ ಇದೆ. ಅದನ್ನು ಮಾಡುವ ಲ್ಯಾಬ್ ಮೊದಲೇ ಗೊತ್ತಿದ್ದರೆ ಮಾತ್ರ ಕೈ ಹಾಕಿ.

ಮತ್ತೆ, ಸ್ಕ್ಯಾನ್ ದುಡ್ಡು ಸುಮ್ನೆ ದಂಡ. ಲ್ಯಾಪ್‌ಟಾಪಿನಲ್ಲಿ ಖಾಲಿ ಬಿಳಿ ಪರದೆ ಇಟ್ಟು, ನೆಗೆಟಿವನ್ನು ಅದರಿಂದ ಸ್ವಲ್ಪ ಎತ್ತರಕ್ಕೆ ಹಿಡಿದು ಫೋನಿನಲ್ಲಿ ತೆಗೆದು ಬಣ್ಣ ಉಲ್ಟಾ ಮಾಡಿ. ಪರದೆಗೆ ಅಂಟಿಸಿದರೆ ಅದರ ಚುಕ್ಕೆಗಳೂ ಬಂದುಬಿಡುತ್ತವೆ. ಇಷ್ಟವಾದ ಒಂದೆರಡು ಫ್ರೇಮು ಮಾತ್ರ ಲ್ಯಾಬಿಗೆ ಕೊಡಿ.

ಹನುಮಂತನಗರ_ಕೆ1000:
ಸೆಲ್ ಹಾಕಿದೆ, ಮುಳ್ಳು ಎದ್ದಿತು! ತುಂಬಾ ಥ್ಯಾಂಕ್ಸ್. ಆದರೆ ಪಿಜಿಯಲ್ಲಿ ನೀರೇ ಸಮಸ್ಯೆ, ಬೇಸಿಗೆಯಲ್ಲಿ ಟ್ಯಾಂಕರ್ ಬಂದರೆ ಉಂಟು. ಕೊನೆಗೆ ಕೆಮಿಕಲ್ ಹೋಗೋ ಹಾಗೆ ತೊಳೆಯೋಕೆ ಅರ್ಧ ಗಂಟೆ ನಲ್ಲಿ ಬಿಡಬೇಕಂತೆ, ಓನರ್ ಆಂಟಿ ಬಿಡುತ್ತಾರಾ?

ಫಿಕ್ಸರ್_ವಾಸನೆ:
ನಲ್ಲಿ ಬಿಡೋದೇ ಬೇಡ. ಇಲ್ಫರ್ಡ್‌ನವರದೇ ವಿಧಾನ ಇದೆ. ಟ್ಯಾಂಕಿಗೆ ನೀರು ತುಂಬಿಸಿ ಐದು ಸಲ ಮಗುಚಿ ಚೆಲ್ಲಿ, ಹೊಸ ನೀರಲ್ಲಿ ಹತ್ತು ಸಲ, ಮತ್ತೆ ಹೊಸ ನೀರಲ್ಲಿ ಇಪ್ಪತ್ತು ಸಲ. ಒಂದು ರೋಲಿನ ಟ್ಯಾಂಕಿಗೆ ಸುಮಾರು 300 ಎಂಎಲ್ ಹಿಡಿಸುತ್ತದೆ, ಅಂದರೆ ಒಟ್ಟು ಒಂದು ಲೀಟರೂ ಬೇಕಿಲ್ಲ. ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಬಿಳಿ ಕಲೆ ನಿಲ್ಲುತ್ತದೆ, ಕೊನೆಯ ಸಲ ಮಾತ್ರ ಕುಡಿಯುವ ಆರ್‌ಒ ನೀರಲ್ಲಿ ಅದ್ದಿ ತೆಗೆಯಿರಿ. ಕೆಮಿಕಲ್ ಬಾಟಲಿಗೆ ದೊಡ್ಡದಾಗಿ ಹೆಸರು ಬರೆದಿಡಿ, ರೂಮ್‌ಮೇಟ್ ನೀರು ಅಂತ ಎತ್ತಿ ಕುಡಿದಾರು.