ಮಣ್ಣು ಹಸಿಯಾಗೇ ಇದೆ, ಆದರೂ ಗಿಡ ಬಾಡುತ್ತಿದೆ: ಬೆಳಗಾವಿ ಮಳೆಯಲ್ಲಿ ಬಾಲ್ಕನಿ ಕುಂಡಗಳು

ಟಿಳಕವಾಡಿ ಬಾಲ್ಕನಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ, ಎರಡನೇ ಮಹಡಿ. ಬಾಲ್ಕನಿ ಪಶ್ಚಿಮಕ್ಕಿದೆ, ಹಾಗಾಗಿ ಎರಚಲು ಪೂರ್ತಿ ಒಳಗೇ ಹೊಡೆಯುತ್ತದೆ. ಆರಿದ್ರಾದಲ್ಲಿ ಹಿಡಿದ ಮಳೆ, ಪುನರ್ವಸು ಮುಗಿಯುತ್ತಾ ಬಂದರೂ ಬಿಟ್ಟಿಲ್ಲ.

ತುಳಸಿ ತಲೆ ಬಗ್ಗಿಸಿ ನಿಂತಿದೆ. ಕೆಳಗಿನ ಎಲೆ ಹಳದಿ, ಕೆಲವು ಕಪ್ಪಾಗಿ ಉದುರುತ್ತಿವೆ. ಹಾಲ್‌ನಲ್ಲಿರುವ ಮನಿ ಪ್ಲಾಂಟ್‌ಗೆ ಮಳೆಯೇ ತಾಗಲ್ಲ, ಆದರೂ ಎಲೆ ಮೇಲೆ ಕಂದು ಕಲೆ, ಅದರ ಸುತ್ತ ಹಳದಿ. ಕುಂಡದಿಂದ ಸಣ್ಣ ಕರಿ ನುಸಿ ಏಳುತ್ತವೆ. ಗುಲಾಬಿಗೆ ಎಲೆ ತುಂಬ ಕಪ್ಪು ಚುಕ್ಕೆ.

ಎಲೆ ಹಳದಿ ಅಂದಿದ್ದಕ್ಕೆ ಅಂಗಡಿಯವರು ಒಂದು ಗೊಬ್ಬರದ ಪ್ಯಾಕೆಟ್ ಕೊಟ್ಟಿದ್ದಾರೆ. ಇನ್ನೂ ಹಾಕಿಲ್ಲ. ಹಾಕಬೇಕಾ? ತುಳಸಿ ಬಾಡಿದ್ದು ನೋಡಿ ನಮ್ಮ ಅತ್ತೆಯವರಿಗೆ ಮನಸ್ಸಿಗೆ ಸಮಾಧಾನವೇ ಇಲ್ಲ. ದಯವಿಟ್ಟು ಬೇಗ ಹೇಳಿ.

ಗುಮ್ಮಟದ ಊರು:

ಅಕ್ಕಾರ, ನಾನು ವಿಜಯಪುರದವನು. ಗಿಡ ತಲೆ ಬಗ್ಗಿಸಿದೆ ಅಂದರೆ ನೀರು ಸಾಲುತ್ತಿಲ್ಲ ಅಂತಲೇ ಅರ್ಥ. ಮೇಲೆ ಹಸಿ ಕಂಡರೂ ಒಳಗೆ ಒಣಗಿರಬಹುದು. ನಾನು ಎರೆಮಣ್ಣು, ಅಂದರೆ ಹೊಲದ ಕಪ್ಪು ಜಿಗುಟು ಮಣ್ಣು, ಜಾಸ್ತಿ ಹಾಕಿ ಎರಡು ಹೊತ್ತು ನೀರು ಕೊಡುತ್ತೇನೆ. ನಮ್ಮ ತುಳಸಿ ಸೊಂಟದೆತ್ತರ ಬೆಳೆದಿದೆ.

ಅನಗೋಳ ಕುಂಡ:

ಗುಮ್ಮಟದ ಊರು ಅಣ್ಣಾರು ಹೇಳಿದ್ದು ಅವರ ಊರಿಗೆ ಸರಿ. ಇಲ್ಲಿ ಹಾಗೆ ಮಾಡಿದರೆ ತುಳಸಿ ಉಳಿಯಲ್ಲ. ವಿಜಯಪುರದಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಅದರಲ್ಲೂ ಜೋರಾಗಿ ಬರುವುದು ಸೆಪ್ಟೆಂಬರ್‌ನಲ್ಲಿ. ಜುಲೈನಲ್ಲಿ ಅಲ್ಲಿ ಮಳೆ ಕಡಿಮೆ, ಗಾಳಿ ಜಾಸ್ತಿ, ಕುಂಡ ಬೇಗ ಒಣಗುತ್ತದೆ. ಬೆಳಗಾವಿ 2,500 ಅಡಿ ಎತ್ತರದಲ್ಲಿ, ಘಟ್ಟದ ಬೆನ್ನಿಗೇ ಇದೆ. ಇಲ್ಲಿ ಅದರ ಎರಡು ಪಟ್ಟು ಮಳೆ, ಹೆಚ್ಚಿನದು ಜೂನ್‌ನಿಂದ ಆಗಸ್ಟ್ ಒಳಗೆ. ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಟ್ಟೆಯೇ ಒಣಗಲ್ಲ, ಕುಂಡ ಎಲ್ಲಿ ಒಣಗಬೇಕು?

ಅಕ್ಕಾ, ಬೇರಿಗೂ ಗಾಳಿ ಬೇಕು. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿ ಅದು ಸಿಗುತ್ತದೆ. ಆ ಸಂದಿಯೆಲ್ಲ ನೀರು ತುಂಬಿಕೊಂಡರೆ ಬೇರು ಉಸಿರುಕಟ್ಟಿ ಸಾಯುತ್ತದೆ. ಸತ್ತ ಬೇರಿಗೆ ನೀರು ಎಳೆಯುವ ಶಕ್ತಿ ಇರಲ್ಲ. ಅದಕ್ಕೇ ಕಾಲಡಿ ನೀರಿದ್ದರೂ ಎಲೆ ಬಾಡುತ್ತದೆ. ನಾವು ಬಾಡಿದ್ದು ನೋಡಿ ಮತ್ತೆ ನೀರು ಹಾಕುತ್ತೇವೆ. ಮಳೆಗಾಲದಲ್ಲಿ ಕುಂಡದ ಗಿಡಗಳು ಹೋಗುವುದು ಹೆಚ್ಚಾಗಿ ಹೀಗೆಯೇ.

ಗೊಬ್ಬರ ಈಗ ಬೇಡವೇ ಬೇಡ. ಬೇರು ಕೆಟ್ಟಿರುವಾಗ ರಾಸಾಯನಿಕ ಗೊಬ್ಬರ ಬಿದ್ದರೆ ಉಳಿದ ಬೇರೂ ಸುಡುತ್ತದೆ.

ಮೊದಲು ಇಷ್ಟು ನೋಡಿ ಹೇಳಿ. ಕುಂಡದ ಕೆಳಗೆ ತೂತು ಇದೆಯಾ, ಕಟ್ಟಿದೆಯಾ? ಕೆಳಗೆ ಪ್ಲೇಟು ಇಟ್ಟಿದ್ದೀರಾ? ಮಣ್ಣು ಯಾವುದು? ತುಳಸಿಗೆ ದಿನಾ ನೀರು ಬೀಳುತ್ತಾ? ಆಮೇಲೆ ಗಿಡವನ್ನು ಮಣ್ಣಿನ ಸಮೇತ ಕುಂಡದಿಂದ ಜಾರಿಸಿ ಬೇರು ನೋಡಿ. ಬಿಳಿ, ಗಟ್ಟಿ ಇದ್ದರೆ ಚಿಂತೆ ಇಲ್ಲ. ಕಂದಾಗಿ, ಮೆತ್ತಗಾಗಿ, ಎಳೆದರೆ ಸಿಪ್ಪೆ ಕೈಗೆ ಬಂದು ಒಳಗಿನ ದಾರದಂಥ ಎಳೆ ಮಾತ್ರ ಉಳಿದರೆ ಅದು ಬೇರುಕೊಳೆ. ವಾಸನೆಯಲ್ಲೂ ಗೊತ್ತಾಗುತ್ತದೆ. ಚರಂಡಿ ವಾಸನೆ ಬರುತ್ತದೆ.

ಟಿಳಕವಾಡಿ ಬಾಲ್ಕನಿ:

ನೀವು ಹೇಳಿದ ಹಾಗೇ ತೆಗೆದು ನೋಡಿದೆ. ತುಳಸಿಯ ಬೇರು ಕೆಳಗಡೆ ಪೂರ್ತಿ ಕಂದು, ಸಿಪ್ಪೆ ಜಾರುತ್ತದೆ. ಮೇಲ್ಭಾಗದಲ್ಲಿ ಸ್ವಲ್ಪ ಬಿಳಿ ಬೇರು ಇವೆ. ಕೆಳಗೆ ಪ್ಲೇಟು ಇತ್ತು, ತುಂಬಿ ನಿಂತಿತ್ತು. ಮಣ್ಣು ನಮ್ಮ ತವರಿಂದ, ಸವದತ್ತಿ ಕಡೆಯ ಎರೆಮಣ್ಣು. ತೂತಿನ ಮೇಲೆ ಖಡಿ (ಜಲ್ಲಿಕಲ್ಲು) ಹಾಸಿದ್ದೇವೆ, ನೀರು ಬಸಿಯಲಿ ಅಂತ.

ಇನ್ನೊಂದು ವಿಷಯ. ಅತ್ತೆಯವರು ಬೆಳಿಗ್ಗೆ ಪೂಜೆ ಮಾಡಿ ತುಳಸಿಗೆ ಒಂದು ತಂಬಿಗೆ ನೀರು ಹಾಕುತ್ತಾರೆ. ಅದನ್ನು ನಿಲ್ಲಿಸಿ ಅಂತ ನನಗೆ ಹೇಳಲಿಕ್ಕಾಗಲ್ಲ, ಹೇಳುವುದೂ ಇಲ್ಲ. ಬೇರೆ ದಾರಿ ಇದೆಯಾ?

ಮಲಪ್ರಭಾ ದಂಡೆ:

ತಂಗಿ, ನಾನು ಖಾನಾಪುರದವಳು. ನಿಮ್ಮ ಬೆಳಗಾವಿಗಿಂತ ನಮ್ಮಲ್ಲಿ ಮಳೆ ಜಾಸ್ತಿ. ತುಳಸಿಗೆ ನೀರು ಕೊಡುವುದನ್ನು ನಿಲ್ಲಿಸಬೇಕಿಲ್ಲ. ನಮ್ಮ ಮನೆಯಲ್ಲಿ ಮಳೆಗಾಲ ಪೂರ್ತಿ ಬುಡಕ್ಕೆ ಒಂದು ಉದ್ಧರಣೆ ನೀರು, ಅಷ್ಟೇ. ಉಳಿದ ತಂಬಿಗೆ ನೀರನ್ನು ಕುಂಡದ ಮುಂದಿಟ್ಟ ಹಿತ್ತಾಳೆ ಬಟ್ಟಲಿಗೆ ಅರ್ಪಿಸುತ್ತೇವೆ, ಆಮೇಲೆ ಅದನ್ನು ಅಂಗಳದ ದಾಸವಾಳಕ್ಕೆ ಹಾಕುತ್ತೇವೆ. ನಿಮ್ಮ ಅತ್ತೆಯವರಿಗೆ ಆ ಬೇರನ್ನೇ ತೋರಿಸಿ. ತುಳಸಿ ಉಳಿಯಲಿ ಅನ್ನುವ ಕಾಳಜಿ ಅವರಿಗೇ ಎಲ್ಲರಿಗಿಂತ ಹೆಚ್ಚು. ಅವರೇ ದಾರಿ ಮಾಡಿಕೊಳ್ಳುತ್ತಾರೆ.

ಅನಗೋಳ ಕುಂಡ:

ಎಷ್ಟು ಚೆನ್ನಾಗಿ ಹೇಳಿದಿರಿ ಅಕ್ಕಾ.

ಇನ್ನು ಮಣ್ಣಿಗೆ ಬರೋಣ. ಸವದತ್ತಿ ಎರೆಮಣ್ಣು ಹೊಲಕ್ಕೆ ಬಂಗಾರ. ಜೋಳ, ಕಡಲೆ ಅದರಲ್ಲೇ ಬೆಳೆಯಬೇಕು, ಯಾಕಂದರೆ ಮಳೆ ನಿಂತ ಮೇಲೂ ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ. ಕುಂಡದಲ್ಲಿ ಅದೇ ಗುಣ ತೊಂದರೆ ಕೊಡುತ್ತದೆ. ನೀರು ಕುಡಿದು ಉಬ್ಬುತ್ತದೆ, ಸಂದಿಗಳೆಲ್ಲ ಮುಚ್ಚಿಹೋಗುತ್ತವೆ.

ತಳಕ್ಕೆ ಖಡಿ ಹಾಸಿದರೆ ನೀರು ಬಸಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆಗುವುದು ಉಲ್ಟಾ. ನುಣ್ಣನೆ ಮಣ್ಣಿನಿಂದ ದಪ್ಪ ಖಡಿಗೆ ನೀರು ಸುಮ್ನೆ ಇಳಿಯಲ್ಲ. ಮೇಲಿನ ಮಣ್ಣು ಪೂರ್ತಿ ತುಂಬಿದ ಮೇಲಷ್ಟೇ ಹನಿಯುತ್ತದೆ. ಹಾಗಾಗಿ ಮೊದಲು ಕುಂಡದ ತಳದಲ್ಲಿ ಇರುತ್ತಿದ್ದ ಕೆಸರಿನ ಪದರ ಈಗ ಖಡಿಯ ಮೇಲೆ, ಬೇರಿಗೆ ಇನ್ನೂ ಹತ್ತಿರ ಬಂದು ಕೂರುತ್ತದೆ. ತೂತಿನಿಂದ ಮಣ್ಣು ಜಾರಬಾರದು ಅಂತಿದ್ದರೆ ಒಂದು ಹೆಂಚಿನ ಚೂರು ಇಲ್ಲವೇ ಸೊಳ್ಳೆ ಜಾಳಿಗೆಯ ತುಂಡು ಸಾಕು.

ಮಲಪ್ರಭಾ ದಂಡೆ:

ಇದನ್ನು ಒಪ್ಪುವುದು ಕಷ್ಟ. ನಾವು ಚಿಕ್ಕಂದಿನಿಂದ ಖಡಿ ಹಾಕಿಯೇ ಗಿಡ ಬೆಳೆಸಿದ್ದೇವೆ.

ಅನಗೋಳ ಕುಂಡ:

ಅಕ್ಕಾ, ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಪಾತ್ರೆ ತೊಳೆಯುವ ಸ್ಪಂಜನ್ನು ಪೂರ್ತಿ ನೆನೆಸಿ, ಅಡ್ಡ ಹಿಡಿಯಿರಿ. ಹನಿಯುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಕುಂಡದ ಮಣ್ಣಿನಲ್ಲೂ ಹೀಗೇ. ತಳದಲ್ಲಿ ನಿಲ್ಲುವ ನೀರಿನ ಎತ್ತರ ಮಣ್ಣಿನ ಗುಣದ ಮೇಲೆ ನಿಂತಿದೆ, ಕುಂಡ ಎಷ್ಟು ಆಳ ಅನ್ನುವುದರ ಮೇಲೆ ಅಲ್ಲ. ಆದ್ದರಿಂದಲೇ ಅಗಲವಾದ ಗಿಡ್ಡ ಕುಂಡಗಳು ಮಳೆಗಾಲದಲ್ಲಿ ಬೇಗ ಕೊಳೆಯುತ್ತವೆ.

ಇದರಿಂದ ಒಂದು ಉಪಾಯವೂ ಸಿಗುತ್ತದೆ. ದೊಡ್ಡ ಮಳೆ ಹೊಡೆದು ನಿಂತ ಮೇಲೆ ಕುಂಡವನ್ನು ಒಂದು ಬದಿಗೆ ವಾಲಿಸಿ, ತೂತು ಕೆಳಗಿನ ಮೂಲೆಗೆ ಬರುವ ಹಾಗೆ ಗೋಡೆಗೆ ಒರಗಿಸಿ ಅರ್ಧ ತಾಸು ಬಿಡಿ. ಬಸಿದು ಮುಗಿಯಿತು ಅಂದುಕೊಂಡ ಕುಂಡದಿಂದ ಇನ್ನಷ್ಟು ನೀರು ಬರುತ್ತದೆ. ನೋಡಿದ ಮೇಲೆ ನೀವೇ ಬರೆಯಿರಿ.

ಟಿಳಕವಾಡಿ ಅಕ್ಕಾ, ತುಳಸಿಗೆ ಈಗ ಹೀಗೆ ಮಾಡಿ. ಮೆತ್ತಗಾದ ಬೇರನ್ನೆಲ್ಲ ಸ್ವಚ್ಛ ಕತ್ತರಿಯಿಂದ ತೆಗೆಯಿರಿ. ಬೇರು ಎಷ್ಟು ಹೋಯಿತೋ ಮೇಲಿನ ಟೊಂಗೆಯನ್ನೂ ಸುಮಾರು ಅಷ್ಟೇ ಕಡಿಮೆ ಮಾಡಿ, ಇಲ್ಲದಿದ್ದರೆ ಉಳಿದ ಬೇರಿಗೆ ಅಷ್ಟು ಎಲೆ ಸಾಕಲಿಕ್ಕಾಗಲ್ಲ. ಕುಂಡ ಮೊದಲಿಗಿಂತ ಸಣ್ಣದಿರಲಿ. ದೊಡ್ಡ ಕುಂಡದಲ್ಲಿ ಬೇರು ತಲುಪದ ಮಣ್ಣು ಹಸಿಯಾಗೇ ಉಳಿಯುತ್ತದೆ. ಮಣ್ಣಿಗೆ ಇಲ್ಲಿಯ ಕೆಂಪು ಮಣ್ಣು ಎರಡು ಪಾಲು, ದಪ್ಪ ಉಸುಕು ಇಲ್ಲವೇ ಇಟ್ಟಂಗಿ ಚೂರು ಒಂದು ಪಾಲು, ಕರಿ ಮಾಡಿದ ಭತ್ತದ ಹೊಟ್ಟು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು. ಗಿಲಾವಿಗೆ ಬಳಸುವ ನುಣ್ಣನೆ ಉಸುಕು ಬೇಡ, ಅದು ಸಂದಿ ತುಂಬಿ ಇನ್ನೂ ಗಟ್ಟಿ ಮಾಡುತ್ತದೆ. ಹೊಟ್ಟು ಖಾನಾಪುರ ಕಡೆಯ ಅಕ್ಕಿ ಗಿರಣಿಗಳಲ್ಲಿ ಕೇಳಿ. ಹಸಿ ಹೊಟ್ಟಿಗಿಂತ ಸುಟ್ಟು ಕರಿ ಮಾಡಿದ್ದು ಒಳ್ಳೆಯದು, ಕೊಳೆಯಲ್ಲ.

ಕುಂಡವನ್ನು ಎರಡು ಇಟ್ಟಂಗಿ ಮೇಲೆ ಎತ್ತರಿಸಿ ಇಡಿ. ಪ್ಲೇಟು ದೀಪಾವಳಿವರೆಗೆ ಒಳಗಿರಲಿ. ಅದರಲ್ಲಿ ನಿಂತ ನೀರಿನಲ್ಲೇ ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು. ವಾರ, ಹತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬೇರುಕೊಳೆ ಅಂದ ಕೂಡಲೇ ಅಂಗಡಿಯಲ್ಲಿ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ಬೂಷ್ಟುನಾಶಕ ಕೊಡುತ್ತಾರೆ, 1 ಲೀಟರ್ ನೀರಿಗೆ 3 ಗ್ರಾಂ ಕಲಸಿ ಬುಡಕ್ಕೆ ಹಾಕಿ ಅಂತ. ಹೂವಿನ ಗಿಡಕ್ಕಾದರೆ ಸರಿ. ತುಳಸಿಗೆ ಹಾಕಬೇಡಿ. ಅದರ ದಳ ತೀರ್ಥಕ್ಕೆ ಹೋಗುತ್ತದೆ, ಕೆಮ್ಮಿದ ಮಗುವಿನ ಕಷಾಯಕ್ಕೂ ಹೋಗುತ್ತದೆ. ಕರಿಬೇವಿಗೂ ಇದೇ ಮಾತು. ಅಂಥ ಗಿಡಕ್ಕೆ ಟ್ರೈಕೋಡರ್ಮಾ ಪುಡಿಯನ್ನು ತಿಪ್ಪೆಗೊಬ್ಬರದಲ್ಲಿ ಕಲಸಿ ಮಣ್ಣಿಗೆ ಸೇರಿಸಿ. ಇದು ಜೀವ ಇರುವ ಒಳ್ಳೆಯ ಬೂಷ್ಟು. ಕೆಟ್ಟ ಬೂಷ್ಟು ಬೆಳೆಯದ ಹಾಗೆ ಜಾಗ ಹಿಡಿಯುತ್ತದೆ. ಕೊಳೆತ ಬೇರನ್ನು ಇದು ಸರಿ ಮಾಡಲ್ಲ, ಹೊಸ ಬೇರನ್ನು ಕಾಯುತ್ತದೆ. ಪ್ಯಾಕೆಟ್ ಮೇಲೆ ಅವಧಿ ಮುಗಿಯುವ ದಿನಾಂಕ ನೋಡಿಯೇ ತನ್ನಿ.

ಹಾಗೆಯೇ ಹೂ ಬಿಡದ ಎಳೆ ತುದಿಗಳನ್ನು ನಾಲ್ಕೈದು ಇಂಚು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒಂದು ಲೋಟ ನೀರಿನಲ್ಲಿ ಕಿಟಕಿ ಹತ್ತಿರ ಇಡಿ. ನೀರು ದಿನ ಬಿಟ್ಟು ದಿನ ಬದಲಿಸಿ. ತಾಯಿ ಗಿಡ ಹೋದರೂ ಅದರದೇ ಸಸಿ ನಿಮ್ಮ ಹತ್ತಿರ ಉಳಿಯುತ್ತದೆ.

ಟಿಳಕವಾಡಿ ಬಾಲ್ಕನಿ:

ತುಂಬ ಉಪಕಾರವಾಯಿತು. ಈ ಕೊನೆಯ ಮಾತಿನಿಂದ ಅತ್ತೆಯವರಿಗೂ ಧೈರ್ಯ ಬಂತು. ಮನಿ ಪ್ಲಾಂಟ್ ಬಗ್ಗೆಯೂ ಹೇಳಿ. ಅದು ಚಂದದ ಸಿರಾಮಿಕ್ ಕುಂಡದಲ್ಲಿದೆ, ಒಳಗೆ ನರ್ಸರಿಯ ಪ್ಲಾಸ್ಟಿಕ್ ಕುಂಡ ಹಾಗೇ ಇದೆ. ಆಗಾಗ ಚಹಾ ಸೋಸಿದ ಪುಡಿ ಹಾಕುತ್ತೇವೆ.

ಅನಗೋಳ ಕುಂಡ:

ಒಳಗಿನ ಕುಂಡ ಎತ್ತಿ ನೋಡಿ, ತಳದಲ್ಲಿ ನೀರು ನಿಂತಿರುತ್ತದೆ. ಸಿರಾಮಿಕ್ ಕುಂಡಗಳಲ್ಲಿ ಎಷ್ಟೋ ಕಡೆ ತೂತೇ ಇರಲ್ಲ. ನೀರು ಹಾಕುವಾಗ ಒಳಗಿನದನ್ನು ಹೊರತೆಗೆದು ಹಾಕಿ, ಬಸಿದ ಮೇಲೆ ಒಳಗಿಡಿ.

ಮನೆಯೊಳಗಿನ ಗಿಡಕ್ಕೆ ಮಳೆ ತಾಗಲ್ಲ ನಿಜ. ಆದರೆ ಮೋಡ ಮುಚ್ಚಿ ಬೆಳಕು ಕಡಿಮೆಯಾಗುತ್ತದೆ, ಗಾಳಿಯಲ್ಲಿ ತೇವ ಹೆಚ್ಚುತ್ತದೆ. ಎಲೆಯಿಂದ ನೀರು ಆರುವುದು ತೀರ ಕಡಿಮೆ. ಏಪ್ರಿಲ್‌ನಲ್ಲಿ ಮೂರು ದಿನಕ್ಕೊಮ್ಮೆ ಬೇಡುತ್ತಿದ್ದ ಗಿಡಕ್ಕೆ ಜುಲೈನಲ್ಲಿ ಹತ್ತು ದಿನ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಬಿಡಬಹುದು. ದಿನ ಎಣಿಸಿ ಹಾಕಬೇಡಿ. ಬೆರಳನ್ನು ಎರಡು ಗೆಣ್ಣು ಒಳಗಿಳಿಸಿ ನೋಡಿ, ಅಲ್ಲಿ ಒಣಗಿದ್ದರೆ ಮಾತ್ರ ಹಾಕಿ. ಕುಂಡ ಎತ್ತಿ ತೂಕ ನೋಡುವ ರೂಢಿ ಆದರೆ ಬೆರಳೂ ಬೇಕಾಗಲ್ಲ.

ಚಹಾಪುಡಿ ನಿಲ್ಲಿಸಿ. ಆ ಕರಿ ನುಸಿಯ ಮರಿಗಳು ಹಸಿ ಮಣ್ಣಿನಲ್ಲಿ ಕೊಳೆಯುವ ಪದಾರ್ಥ, ಬೂಷ್ಟು ತಿಂದೇ ಬೆಳೆಯುತ್ತವೆ. ಮೇಲಿನ ಒಂದು ಇಂಚು ಮಣ್ಣು ಪೂರ್ತಿ ಒಣಗಲು ಬಿಡಿ, ಒಂದು ಚಮಚ ಬೇವಿನ ಹಿಂಡಿ ಕಲಸಿ. ಹಳದಿ ಅಂಟು ಕಾರ್ಡಿಗೆ ಹಾರುವ ನುಸಿ ಮಾತ್ರ ಸಿಗುತ್ತವೆ, ಮರಿ ಮಣ್ಣಲ್ಲೇ ಇರುತ್ತವೆ. ಮೊಟ್ಟೆಯಿಂದ ನುಸಿಯಾಗಲು ಮೂರ್ನಾಲ್ಕು ವಾರ. ಹಾಗಾಗಿ ವಾರದಲ್ಲಿ ಕಡಿಮೆಯಾಯಿತು ಅಂತ ಬಿಡದೆ ತಿಂಗಳು ಪೂರ್ತಿ ನಡೆಸಿ.

ಮಲಪ್ರಭಾ ದಂಡೆ:

ಗುಲಾಬಿ ಬಗ್ಗೆ ನಾನು ಹೇಳುತ್ತೇನೆ. ಅದು ಕರಿಚುಕ್ಕೆ ರೋಗ, ಬೂಷ್ಟಿನದೇ. ಎಲೆ ಮೇಲೆ ಸುಮಾರು ಏಳು ತಾಸು ನೀರು ನಿಂತರೆ ಸಾಕು, ಹತ್ತಿಕೊಳ್ಳುತ್ತದೆ. ಚುಕ್ಕೆ ಎಲೆ, ಕೆಳಗೆ ಬಿದ್ದ ಎಲೆ ಎಲ್ಲ ಆರಿಸಿ ಕಸಕ್ಕೆ ಹಾಕಿ, ಗೊಬ್ಬರದ ಡಬ್ಬಿಗೆ ಬೇಡ. ಗಿಡವನ್ನು ಎರಚಲು ಬಡಿಯದ ಮೂಲೆಗೆ ಸರಿಸಿ, ಕುಂಡಗಳ ನಡುವೆ ಒಂದು ಮೊಳ ಜಾಗ ಬಿಡಿ. ಮ್ಯಾಂಕೋಜೆಬ್ ಅನ್ನುವ ಬೂಷ್ಟುನಾಶಕವನ್ನು 1 ಲೀಟರ್ ನೀರಿಗೆ 2 ಗ್ರಾಂ ಕಲಸಿ ಹೊಡೆಯಬಹುದು, ಮಳೆ ಬಿಡುವು ಕೊಟ್ಟಾಗ, ಕೈಗವಸು ಹಾಕಿಕೊಂಡು. ಅದು ಹೊಸ ಎಲೆ ಕಾಯುತ್ತದೆ, ಹಳೆ ಚುಕ್ಕೆ ಹೋಗಲ್ಲ.

ಮತ್ತೆ, ಕುಂಡ ವಾಲಿಸಿ ನೋಡಿದೆ. ಅನಗೋಳದವರು ಹೇಳಿದ್ದು ನಿಜ ರೀ. ಚೊಂಬು ತುಂಬುವಷ್ಟು ನೀರು ಬಂತು.

ಟಿಳಕವಾಡಿ ಬಾಲ್ಕನಿ:

ಆಶ್ಲೇಷಾ ಮಳೆ ಶುರುವಾಗಿದೆ, ಏನಾಯಿತು ಅಂತ ತಿಳಿಸಲು ಬಂದೆ. ಹಳೆ ತುಳಸಿ ಉಳಿಯಲಿಲ್ಲ, ಬೇರು ತುಂಬ ಹೋಗಿತ್ತು. ಆದರೆ ಲೋಟದಲ್ಲಿಟ್ಟ ತುದಿಗಳು ಬಿಳಿ ಬೇರು ಬಿಟ್ಟಿವೆ. ಅವನ್ನು ಹೊಸ ಮಣ್ಣಿಗೆ ನೆಟ್ಟಿದ್ದೇವೆ. ಅತ್ತೆಯವರೇ ದಿನಾ ಬೆರಳಿಳಿಸಿ ನೋಡಿ, ಉದ್ಧರಣೆಯಿಂದ ನೀರು ಕೊಡುತ್ತಾರೆ. ಮನಿ ಪ್ಲಾಂಟ್ ಹೊಸ ಎಲೆ ಬಿಟ್ಟಿದೆ. ನುಸಿ ಕಡಿಮೆಯಾಗಿವೆ, ಇನ್ನೂ ಪೂರ್ತಿ ಹೋಗಿಲ್ಲ. ಗುಲಾಬಿಯ ಎಲೆ ಎಲ್ಲ ಉದುರಿ ಬರೀ ಕಡ್ಡಿ ನಿಂತಿದೆ. ಅದನ್ನು ಕಿತ್ತು ಹಾಕಲಾ?

ಮಲಪ್ರಭಾ ದಂಡೆ:

ಕೀಳಬೇಡ ತಂಗಿ. ಉಗುರಿನಿಂದ ಕಡ್ಡಿ ಕೆರೆದು ನೋಡು, ಒಳಗೆ ಹಸಿರಿದ್ದರೆ ಜೀವ ಇದೆ. ಮಳೆ ಪೂರ್ತಿ ಹೋದ ಮೇಲೆ ಅಕ್ಟೋಬರ್‌ನಲ್ಲಿ ಕತ್ತರಿಸು, ಗೊಬ್ಬರವೂ ಆಗಲೇ.

ಗುಮ್ಮಟದ ಊರು:

ಎಲ್ಲ ಓದಿದೆ. ನಮ್ಮ ಕಡೆ ಹಸ್ತಾ ಮಳೆ ಜೋರು ಹೊಡೆಯುತ್ತದೆ, ಆಗ ಪ್ರತಿ ವರ್ಷ ಒಂದೆರಡು ಗಿಡ ಹೋಗುತ್ತವೆ. ನಾನೂ ಎರೆಮಣ್ಣು ಬಿಡಬೇಕಾ?

ಅನಗೋಳ ಕುಂಡ:

ಪೂರ್ತಿ ಬಿಡಬೇಡಿ ಅಣ್ಣಾರ. ನಿಮ್ಮ ಏಪ್ರಿಲ್, ಮೇ ಬಿಸಿಲಿಗೆ ನೀರು ಹಿಡಿಯುವ ಮಣ್ಣು ಬೇಕೇ ಬೇಕು. ಮೂರರಲ್ಲಿ ಒಂದು ಪಾಲು ಎರೆಮಣ್ಣು ಇರಲಿ, ಉಳಿದದ್ದಕ್ಕೆ ಇಟ್ಟಂಗಿ ಚೂರು, ಗೊಬ್ಬರ ಸೇರಿಸಿ. ಆಗಸ್ಟ್ ಕೊನೆಗೆ ಕುಂಡದ ತೂತುಗಳನ್ನು ಕಡ್ಡಿಯಿಂದ ಬಿಡಿಸಿ, ಇಟ್ಟಂಗಿ ಮೇಲೆ ಎತ್ತಿಡಿ. ಹಸ್ತಾ ಹಿಡಿದ ದಿನ ನೀರು ಹಾಕುವುದು ನಿಲ್ಲಿಸಿ.

ಟಿಳಕವಾಡಿ ಅಕ್ಕಾ, ಎಳೆ ತುಳಸಿಯನ್ನು ಮೊದಲ ಬಿಸಿಲಿಗೇ ಹೊರಗಿಡಬೇಡಿ. ಮಳೆ ಬಿಟ್ಟ ಕೂಡಲೇ ಬರುವ ಬಿಸಿಲು ಚುರುಕು, ಎಲೆ ಸುಡುತ್ತದೆ. ನಿಮ್ಮ ಪಶ್ಚಿಮದ ಬಾಲ್ಕನಿಗೆ ಮಧ್ಯಾಹ್ನದ ಬಿಸಿಲೇ ಬರುವುದು. ಮೊದಲ ವಾರ ಗೋಡೆಯ ನೆರಳಲ್ಲಿ ಇಟ್ಟು, ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಕಟಾಂಜನದ ಕಡೆಗೆ ಸರಿಸಿ.