ಪಾಸಾದಾಂವ ಯಾರು?

“ಚನ್ನ್ಯಾ, ಇದರ ಪ್ರಕಾರ ಬಿ.ಕಾಂ. ಪಾಸಾದಾಂವ ನೀ ಅಲ್ಲ, ಆಫೀಸು,” ಎಂದರು ಮಾಸ್ತರರು, ಫೋನನ್ನು ಮೂಗಿನಿಂದ ಒಂದು ಮೊಳ ದೂರ ಹಿಡಿದು.

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಹೋಟೆಲಿನಲ್ಲಿ ಸುಸಲಾ-ಮಿರ್ಚಿ ಆಗಷ್ಟೇ ಬಂದಿತ್ತು. ಚನ್ನ್ಯಾನ ಅರ್ಜಿಯ ಮೊದಲ ಸಾಲು ಹೀಗಿತ್ತು: ‘ಹ್ಯಾವಿಂಗ್ ಪಾಸ್ಡ್ ಬಿ.ಕಾಂ. ಇನ್ ಫಸ್ಟ್ ಕ್ಲಾಸ್, ಯುವರ್ ಆಫೀಸ್ ಮೇ ಕೈಂಡ್ಲಿ ಗಿವ್ ಮಿ ಎ ಜಾಬ್.’

“ಕೆಳಗ ನನ್ನ ಹೆಸರು ಅದಲ್ರಿ ಸರ್.”

“ಅಲ್ಲೀತನ ಯಾರು ಕಾಯ್ತಾರ? ‘ಹ್ಯಾವಿಂಗ್’ದಿಂದ ಶುರು ಮಾಡಿದ್ರ, ಕಾಮಾ ದಾಟಿದ ಕೂಡ್ಲೇ ಯಾರು ಸಿಗ್ತಾರೋ ಆ ಕೆಲಸ ಅವರ ಹೆಸರಿಗೇ ಜಮಾ. ಇಲ್ಲಿ ಸಿಕ್ಕಿದ್ದು ಆಫೀಸು. ಪಾಪ, ತಾನೇ ಓದಿ ಫಸ್ಟ್ ಕ್ಲಾಸ್ ಪಾಸಾಗಿ, ನೌಕರಿ ನಿನಗ ಕೊಡಬೇಕಾಗ್ಯಾದ.”

“ನಮ್ಮ ದಾಲ್ ಮಿಲ್ಲಿನಾಗ ಈ ಕಿರಿಕಿರಿ ಇಲ್ಲ ನೋಡ್ರಿ,” ಎಂದ ಬಂಡೆಪ್ಪ.

“ಯಾಕಿಲ್ಲ? ನಿನ್ನ ಗೇಟಿಗೆ ‘ಬೀಯಿಂಗ್ ಸಂಡೇ, ದಿ ಮಿಲ್ ಈಸ್ ಕ್ಲೋಸ್ಡ್’ ಅಂತ ಬೋರ್ಡ್ ಅದ. ಅಂದ್ರ ನಿನ್ನ ಮಿಲ್ಲೇ ಐತವಾರ.”

“ಪೇಂಟರ್ ಬರದಾನ್ರಿ. ಈಗೇನ್ ಮಾಡ್ಲಿ?”

“ಮುಂದ ಒಂದು ‘ಇಟ್’ ಹಾಕಿಸು. ‘ಇಟ್ ಬೀಯಿಂಗ್ ಸಂಡೇ’ ಅಂದ್ರ ಐತವಾರಕ್ಕ ಅದರದೇ ಕರ್ತೃ ಸಿಕ್ತು, ಮಿಲ್ಲು ಪಾರಾತು. ಇಲ್ಲಾ, ‘ಕ್ಲೋಸ್ಡ್ ಆನ್ ಸಂಡೇಸ್’ ಅಂದ್ರೂ ತೊಗರಿ ತರೋ ರೈತಗ ತಿಳೀತದ.”

“ಎರಡು ಅಕ್ಷರಕ್ಕ ಪೇಂಟರ್ ಮತ್ತ ರೊಕ್ಕ ಕೇಳ್ತಾನ,” ಎಂದು ಬಂಡೆಪ್ಪ ಚಿಂತೆಗೆ ಬಿದ್ದ.

“ಚನ್ನ್ಯಾ, ಇದನ್ನ ಯಾರು ಕಲಿಸಿದ್ರೋ ನಿನಗ?”

“ರೀಲ್ಸಿನಾಗ ಬಂತ್ರಿ. ‘ಐ ಏಟ್ ಆ್ಯಂಡ್ ವೆಂಟ್’ ಅಂದ್ರ ಬೇಸಿಕ್ ಅಂತ. ‘ಹ್ಯಾವಿಂಗ್ ಈಟನ್, ಐ ವೆಂಟ್’ ಅಂದ್ರ ಅಡ್ವಾನ್ಸ್ಡ್.”

ಮಾಸ್ತರರು ಬಾಯಿಗೆ ಒಯ್ದಿದ್ದ ಮಿರ್ಚಿ ಕೆಳಗಿಟ್ಟರು. ಅವರು ಮಿರ್ಚಿ ಕೆಳಗಿಟ್ಟರೆ ಅರ್ಧ ತಾಸು ಎಂದೇ ಲೆಕ್ಕ.

“ನಾವು ‘ಉಂಡು, ಕೈ ತೊಳಕೊಂಡು, ಎಲಿ ಹಾಕ್ಕೊಂಡು ಮಲಗಿದ’ ಅಂತ ಎಷ್ಟು ಬೇಕಾದ್ರೂ ಪೋಣಿಸಬಹುದು. ಅದಕ್ಕೆಲ್ಲ ಒಂದೊಂದು ಹ್ಯಾವಿಂಗ್ ಹಚ್ಚಿದ್ರ ಇಂಗ್ಲಿಷಿಗೆ ದಮ್ಮು ಹತ್ತತದ. ಅವರು ಅದನ್ನ ಸಾದಾ ಹೇಳ್ತಾರ: ‘ಹಿ ಏಟ್, ವಾಷ್ಡ್ ಹಿಸ್ ಹ್ಯಾಂಡ್ಸ್, ಚ್ಯೂಡ್ ಎ ಪಾನ್ ಆ್ಯಂಡ್ ವೆಂಟ್ ಟು ಬೆಡ್.’ ನಾಕು ಕ್ರಿಯಾಪದ, ಎರಡು ಕಾಮಾ, ಕಡೀಕ ಒಂದು ಆ್ಯಂಡ್. ಮೊದಲಿನ ಕೆಲಸ ಮುಗಿದ ಮ್ಯಾಲೇ, ಇಲ್ಲಾ ಮುಗಿದದ್ದಕ್ಕೇ ಎರಡನೇದು ಆತು ಅಂತ ಒತ್ತಿ ಹೇಳಬೇಕಂದ್ರ ಮಾತ್ರ ಹ್ಯಾವಿಂಗ್. ಎರಡು ಸಲ ಫೇಲಾದಾಂವ ಮೂರನೇ ಸಲ ಕಟ್ಟಲಿಲ್ಲ ಅಂತೀವಲ್ಲ, ಅಂಥಾದಕ್ಕ.”

“ಹಂಗಾದ್ರ ಬರೇ ‘ಗೋಯಿಂಗ್’ ಅನ್ಲೇನ್ರಿ? ‘ಗೋಯಿಂಗ್ ಟು ಬೀದರ್, ಹಿ ಹ್ಯಾಡ್ ಲಂಚ್.’”

“ಅಂದ್ರ ಅಂವ ದಾರಿಯಾಗಿನ ಹುಮನಾಬಾದಿನಾಗೇ ಉಂಡ! ನಮ್ಮ ‘ಹೋಗಿ’ ಅಂದ್ರ ಮುಟ್ಟಿದ ಮ್ಯಾಲ. ಅವರ ‘ಗೋಯಿಂಗ್’ ಅಂದ್ರ ಇನ್ನೂ ದಾರಿಯಾಗ. ಬಾಗಲಾ ತೆಗೆದು ಒಳಗ ಬರೋದು ಒಂದು ಗಳಿಗಿ ಕೆಲಸ, ಅಲ್ಲಿ ‘ಓಪನಿಂಗ್ ದಿ ಡೋರ್’ ನಡೀತದ. ಬೀದರ್ ಹಂಗ ಗಳಿಗಿಯಾಗ ಮುಗಿಯೋದಲ್ಲ. ‘ಹಿ ವೆಂಟ್ ಟು ಬೀದರ್ ಆ್ಯಂಡ್ ಹ್ಯಾಡ್ ಲಂಚ್’ ಅನ್ನು, ಬೀದರಿನಾಗೇ ಉಣ್ಣಲಿ.”

“ಅಲ್ರಿ, ನಾವು ‘ಮಳಿ ಬಂದು ತೊಗರಿ ಹಾಳಾತು’ ಅಂತೀವಿ. ಬಂದದ್ದು ಮಳಿ, ಹಾಳಾದದ್ದು ತೊಗರಿ. ಯಾರೂ ನಗಂಗಿಲ್ಲಲ್ಲ?” ಬಂಡೆಪ್ಪ ತೊಗರಿಯ ವಿಷಯದಲ್ಲಿ ಎಂದೂ ಸೋಲುವುದಿಲ್ಲ.

“ಅಲ್ಲೇ ನಾವು ಎಡವೋದು. ಒಂದು ಕಾರಣ, ಇನ್ನೊಂದು ಪರಿಣಾಮ ಆದ್ರ ಕರ್ತೃ ಬ್ಯಾರೆ ಬ್ಯಾರೆ ಇದ್ರೂ ನಮ್ಮ ಭಾಷಾ ಹೊಟ್ಟಿಗೆ ಹಾಕ್ಕೋತದ. ಇಂಗ್ಲಿಷ್ ಹಾಕ್ಕೊಳ್ಳಂಗಿಲ್ಲ. ‘ಕನ್ಸಿಡರಿಂಗ್’, ‘ಜನರಲಿ ಸ್ಪೀಕಿಂಗ್’ನಂಥಾ ನಾಕೈದಕ್ಕ ಬಳಕಿಯಿಂದ ಮಾಫಿ ಸಿಕ್ಕದ, ಅಷ್ಟೇ.”

“ದೊಡ್ಡವರು ಯಾರೂ ತಪ್ಪೇ ಮಾಡಿಲ್ಲೇನ್ರಿ?”

“ಮಾಡ್ಯಾರ. 1603ರಾಗ ಮೊದಲು ಅಚ್ಚಾದ ಶೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ ನಾಟಕದಾಗ ಸತ್ತ ರಾಜನ ಭೂತ ಹೇಳ್ತದ: ‘ಸ್ಲೀಪಿಂಗ್ ಇನ್ ಮೈ ಆರ್ಚರ್ಡ್, ಎ ಸರ್ಪೆಂಟ್ ಸ್ಟಂಗ್ ಮಿ’, ಹಿಂಗಂತ ಊರ ತುಂಬ ಸುದ್ದಿ ಹಬ್ಬಿಸ್ಯಾರ ಅಂತ. ಮಲಗಿದಾಂವ ರಾಜ. ವ್ಯಾಕರಣ ಹಿಡಿದ್ರ ಹಾವು ನಿದ್ದಿಗಣ್ಣಾಗ ಕಡದಂಗಾತು.”

“ಶೇಕ್ಸ್‌ಪಿಯರ್‌ಗೆ ನಡೀತದ, ನನಗ ನಡಿಯಂಗಿಲ್ಲೇನ್ರಿ?”

“ಹಂಗ ಮಾತಾಡಿದಾಂವ ರಾಜ, ಸತ್ತಾನ, ಭೂತ ಆಗ್ಯಾನ. ನೀ ಮೂರೂ ಆದ ಮ್ಯಾಲ ಬರಿ.”

ಚನ್ನ್ಯಾ ಸುಮ್ಮನೆ ಫೋನನ್ನು ಮೇಲಕ್ಕೆ ಸರಿಸಿದ. ಎರಡನೇ ಸಾಲು: ‘ಆಲ್ದೋ ಐ ಆ್ಯಮ್ ಎ ಫ್ರೆಶರ್, ಬಟ್ ಐ ವಿಲ್ ವರ್ಕ್ ಹಾರ್ಡ್.’

“ಆಲ್ದೋ ಇದ್ರ ಬಟ್ ಬ್ಯಾಡ, ಬಟ್ ಇದ್ರ ಆಲ್ದೋ ಬ್ಯಾಡ.”

“ಮಾಸ್ಟರ್ ಸಾಬ್, ಉರ್ದುನಾಗ ‘ಅಗರ್ಚೆ’ ಬಂದ್ರ ಹಿಂದಿನಿಂದ ‘ಮಗರ್’, ‘ಲೇಕಿನ್’ನಂಥಾದ್ದು ಹೆಚ್ಚಾಗಿ ಬರ್ತದ, ಇಲ್ಲಂದ್ರ ಮಾತು ಅಧೂರಾ ಅನಸ್ತದ,” ಎಂದರು ಖಾಜಾ ಭಾಯಿ.

“ಅದಕ್ಕೇ ಕಲಬುರಗಿ ಇಂಗ್ಲಿಷಿನಾಗ ಇವೆರಡೂ ಬಿಟ್ಟಿರಂಗಿಲ್ಲ, ಭಾಯಿ.”

ಮುಂದೆ ‘ಐ ನೋ ಟ್ಯಾಲಿ, ದೇರ್‌ಫೋರ್ ಐ ಆ್ಯಮ್ ಸೂಟೆಬಲ್’ ಬಂತು. ದೇರ್‌ಫೋರ್ ಕ್ರಿಯಾವಿಶೇಷಣ, ಬರೇ ಕಾಮಾ ಹಿಡಿದು ಎರಡು ವಾಕ್ಯ ಕೂಡಿಸುವ ಅಧಿಕಾರ ಅದಕ್ಕಿಲ್ಲ, ಅದರ ಮೊದಲು ಪೂರ್ಣವಿರಾಮ ಇಲ್ಲವೇ ಅರ್ಧವಿರಾಮ ಬೇಕು, ಕಾಮಾನೇ ಬೇಕಿದ್ದರೆ ‘ಸೋ’ ಹಾಕು ಎಂದು ಒಂದೇ ಉಸಿರಿನಲ್ಲಿ ತೀರ್ಪಾಯಿತು. ಅದರ ಕೆಳಗೆ ‘ನೋ ಸೂನರ್ ಹ್ಯಾಡ್ ಐ ಸೀನ್ ಯುವರ್ ಅಡ್ವರ್ಟೈಸ್‌ಮೆಂಟ್ ದ್ಯಾನ್ ಐ ಅಪ್ಲೈಡ್’.

“ಇದು ಬರೋಬ್ಬರಿ ಅದ,” ಎಂದರು ಮಾಸ್ತರರು ಬೇಸರದಿಂದ. “ಸೂನರ್ ತುಲನಿ ಮಾತು, ಅದಕ್ಕ ದ್ಯಾನ್. ಹಾರ್ಡ್ಲಿ ಇದ್ದಿದ್ರ ವ್ಹೆನ್. ತಪ್ಪಿಲ್ಲ, ಆದ್ರ ಓದಿದವರಿಗೆ ನೀ ಪರೀಕ್ಷಾದ ಹಾಲಿನಿಂದ ಎದ್ದು ಬಂದಂಗ ಕಾಣ್ತದ. ತಗದುಬಿಡು.”

“ಕಡೀಕ ‘ಥ್ಯಾಂಕಿಂಗ್ ಯು’ ಅಂತ ಮುಗಿಸೀನ್ರಿ. ಇದರ ಕಾಮಾ ದಾಟಿದ್ರ ಯಾರು ಸಿಗ್ತಾರ?”

ಮಾಸ್ತರರು ಉತ್ತರ ಕೊಡದೆ ಖಾಜಾ ಭಾಯಿಯ ಕಡೆ ನೋಡಿದರು. ಕಚೇರಿ ಮುಂದೆ ಟೈಪ್‌ರೈಟರ್ ಇಟ್ಟುಕೊಂಡು ಊರಿನ ಅರ್ಜಿಗಳನ್ನೆಲ್ಲ ಬಡಿದ ಕೈ ಅದು.

“ಮೊದಲ ಪೂರಾ ಇತ್ತು ಬೇಟಾ. ‘ಥ್ಯಾಂಕಿಂಗ್ ಯು, ಐ ರಿಮೇನ್, ಸರ್, ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್.’ ಆಮ್ಯಾಲ ಸರ್ವೆಂಟ್ ಹೋದ. ಚಲೋ ಆತು, ಯಾರು ಯಾರ ಸರ್ವೆಂಟ್? ಆದ್ರ ಅವನ ಜೋಡಿ ‘ಐ ರಿಮೇನ್’ನೂ ಹೋತು.”

“ಕರ್ತೃ ಅಲ್ಲೇ ಇತ್ತು, ಕ್ರಿಯಾಪದ ಅಲ್ಲೇ ಇತ್ತು,” ಎಂದರು ಮಾಸ್ತರರು. “ಮನಿ ಯಜಮಾನ ಎದ್ದು ಹೋಗ್ಯಾನ, ಥ್ಯಾಂಕಿಂಗ್ ಒಂದು ಇನ್ನೂ ಕೈ ಮುಗಕೊಂಡು ಬಾಗಲಾಗ ನಿಂತದ.”

“ಕಾರ್ಬನ್ ಹಾಕಿ ಮೂರು ಪ್ರತಿ ಹೊಡಿತಿದ್ದೆ. ಮೂರನೇ ಪ್ರತಿಯಾಗ ಆ ಸಾಲು ಮಸುಕಾಗಿ ಮೂಡ್ತಿತ್ತು. ಹಳ್ಳಿ ಮಂದಿ ಬೆರಳಿಟ್ಟು ಕೇಳೋರು, ಭಾಯಿ, ಇಲ್ಲೇನ್ ಬರದೀದಿ ಅಂತ. ‘ನಾ ಇಲ್ಲೇ ಅದೀನಿ ಸಾಹೇಬ್ರ, ಎಲ್ಲೂ ಹೋಗಿಲ್ಲ’ ಅಂತ ಬರದೀನಿ ಅಂತಿದ್ದೆ. ಖುಷಿ ಆಗಿ ಚಾ ಕುಡಿಸೋರು.”

ಬಂಡೆಪ್ಪ ಎರಡು ಚಾ ಹೆಚ್ಚಿಗೆ ಹೇಳಿದ.

“ಚನ್ನ್ಯಾ, ‘ಐ ಪಾಸ್ಡ್ ಬಿ.ಕಾಂ. ಇನ್ ಫಸ್ಟ್ ಕ್ಲಾಸ್ ಆ್ಯಂಡ್ ಐ ನೋ ಟ್ಯಾಲಿ’ ಅಂತ ಸೀದಾ ಬರಿ,” ಎಂದರು ಮಾಸ್ತರರು. “ಕಡೀಕ ಬೇಕಾದ್ರ ಖಾಜಾ ಭಾಯಿದು ‘ಐ ರಿಮೇನ್’ ಹಾಕು. ಒಂದಾದ್ರೂ ಪೂರಾ ವಾಕ್ಯ ಹೋಗ್ಲಿ.”

ಚನ್ನ್ಯಾ ಬಹಳ ಹೊತ್ತು ಬೆರಳಾಡಿಸಿದ.

“ಇದು ಆನ್‌ಲೈನ್ ಫಾರ್ಮ್ ರೀ ಚಾಚಾ. ಬರಿಯೋ ಡಬ್ಬಿ ತುಂಬೇದ, ಒಂದು ಅಕ್ಷರಾನೂ ಹಿಡಿಯಂಗಿಲ್ಲ. ಕೆಳಗ ಸಬ್ಮಿಟ್ ಅಷ್ಟೇ ಅದ.”

“ಹಂಗಾದ್ರ ಒತ್ತಿಬಿಡು ಬೇಟಾ,” ಎಂದರು ಖಾಜಾ ಭಾಯಿ.