ಅಪ್‌ಡೇಟ್: ಉಗಾಂಡಾ ತಲುಪಿದೆ, ಪ್ರಾರ್ಥನೆ ಇನ್ನೂ ಬೇಕು

ಮೈಸೂರಿಂದ ಹೊರಡುವ ಮುಂಚೆ ನನ್ನ ವೀಸಾಗೂ ಅಮ್ಮನ ಭಯಕ್ಕೂ ಪ್ರಾರ್ಥನೆ ಕೇಳಿದ್ದೆನಲ್ಲ, ವೀಸಾ ಸಿಕ್ಕಿತು, ಭಯ ಅರ್ಧ ಹೋಗಿದೆ. ಹಳದಿ ಜ್ವರದ ಲಸಿಕೆ ಹಾಕಿಸಿ 10 ದಿನ ಕಾಯಬೇಕಿತ್ತು, ಹಾಗಾಗಿ ಟಿಕೆಟ್ ಮುಂದೆ ಹಾಕಿದೆ.

ಈಗ ಮಿಷನ್ ಕ್ಲಿನಿಕ್‌ನಲ್ಲಿ ನರ್ಸ್ ಕೆಲಸ. ಮಲೇರಿಯಾ ಬಂದ ಮಕ್ಕಳೇ ಜಾಸ್ತಿ. ನಿನ್ನೆ ಒಬ್ಬ ಪುಟ್ಟ ಹುಡುಗ, ಮೈ ಕೆಂಡದ ಹಾಗೆ ಸುಡುತ್ತಿತ್ತು, ಬೆರಳು ಚುಚ್ಚಿ ಒಂದು ಹನಿ ರಕ್ತ ಕಿಟ್‌ಗೆ ಹಾಕಿ ಕಾಯುವಷ್ಟು ಹೊತ್ತೂ ನನ್ನ ದುಪಟ್ಟಾ ಬಿಡಲೇ ಇಲ್ಲ. ಎರಡು ಗೆರೆ ಬಂತು, ಅಂದರೆ ಮಲೇರಿಯಾ ಇದೆ. ಮಾತ್ರೆ ಶುರುವಾಗಿದೆ, ಅವನಿಗಾಗಿ ಪ್ರಾರ್ಥಿಸಿ.

ನನ್ನ ನಿದ್ದೆಗೂ ಪ್ರಾರ್ಥಿಸಿ! ಅಮ್ಮ ಮೈಸೂರಿನ ಫಿಲೋಮಿನಾ ಚರ್ಚ್‌ನಲ್ಲಿ ಬೆಳಗಿನ ಪೂಜೆ ಮುಗಿಸಿದ ತಕ್ಷಣ ಫೋನ್ ಮಾಡುತ್ತಾರೆ, ಇಲ್ಲಿ ಎರಡೂವರೆ ಗಂಟೆ ಹಿಂದೆ ಅಂತ ಎಷ್ಟು ಹೇಳಿದರೂ ಅಷ್ಟೇ.